ಕೊಸರು ಅಂದರೇನು ಎಂದು ಕೇಳಿದರು

ನನ್ನ ತಮ್ಮ ಏನು ಕೆಲಸ ಮಾಡುತ್ತಾನೆ ಎಂದು ಊರಿನವರಿಗೆ ಬಿಡಿಸಿ ಹೇಳುವಷ್ಟರಲ್ಲಿ ನನಗೆ ಸಾಕುಸಾಕಾಗಿ ಹೋಗುತ್ತಿತ್ತು. ನಾನು ಚಾಮರಾಜನಗರದ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡುವವಳು. ಹಳಗನ್ನಡವನ್ನು ಒಂಬತ್ತನೇ ತರಗತಿಯವರ ತಲೆಗೆ ಇಳಿಸಿದವಳು ನಾನು. ಇದನ್ನು ಮಾತ್ರ ಕುದೇರಿನ ನಮ್ಮ ಮನೆ ಜಗಲಿಯ ಮೇಲೆ ಕೂತ ಒಬ್ಬರ ತಲೆಗೂ ಇಳಿಸಲಾಗಲಿಲ್ಲ. ಬ್ಯಾಂಕಿನಂಥದ್ದು ಅಂದರೆ "ಯಾವ ಬ್ರಾಂಚು?" ಅನ್ನುತ್ತಿದ್ದರು. ಬ್ರಾಂಚಿಲ್ಲ, ಮ್ಯಾನೇಜರಿಲ್ಲ, ಕ್ಯಾಷಿಯರೂ ಇಲ್ಲ ಅಂದರೆ "ಮತ್ಯಾರವ್ವ ಕಾಯೋರು ದುಡ್ಡ?" ಅಂತ ನಗುತ್ತಿದ್ದರು. ಕಾಯುತ್ತಿದ್ದದ್ದು ನನ್ನ ತಮ್ಮ ಬರೆದ ಪ್ರೋಗ್ರಾಮು.

ಅದಕ್ಕೆ ಸ್ಮಾರ್ಟ್ ಕಾಂಟ್ರಾಕ್ಟ್ ಎಂದು ಹೆಸರು. ಯಾವ ಯಾವ ದೇಶದ ಜನವೋ ತಮ್ಮ ಡಿಜಿಟಲ್ ನಾಣ್ಯಗಳನ್ನು ತಂದು ಒಂದು ಕಡೆ ಹಾಕುತ್ತಾರೆ. ಅದನ್ನು ಪೂಲ್ ಅನ್ನುತ್ತಾರೆ. ಬೇಕಾದವರು ಅದರಿಂದ ಸಾಲ ತೆಗೆಯುತ್ತಾರೆ, ಬಂದ ಬಡ್ಡಿ ಹಾಕಿದವರಿಗೆ ಹಂಚಿಹೋಗುತ್ತದೆ. ಯಾರಿಗೆ ಎಷ್ಟು ವಾಪಸ್ಸು ಎನ್ನುವುದನ್ನೆಲ್ಲ ಪ್ರೋಗ್ರಾಮೇ ನೋಡಿಕೊಳ್ಳುತ್ತದೆ. ಒಮ್ಮೆ ಅದನ್ನು ಹೊರಗೆ ಬಿಟ್ಟ ಮೇಲೆ ಲೋಕದಲ್ಲಿ ಯಾರು ಬೇಕಾದರೂ ಓದಬಹುದು, ಆದರೆ ಬರೆದವನೂ ಒಂದಕ್ಷರ ತಿದ್ದುವಂತಿಲ್ಲ. ಈ ಕೊನೆಯ ಮಾತು ಕೇಳಿದಾಗಲೇ ನನಗೆ ದಿಗಿಲಾಗಿತ್ತು. ದಿನಬೆಳಗಾದರೆ ಕೆಂಪು ಶಾಯಿಯಲ್ಲಿ ತಿದ್ದುವವಳಿಗೆ ತಿದ್ದಲಾಗದ ಬರಹ ಅಂದರೆ ಹೇಗಿರಬೇಡ.

ಅವನು ಇದ್ದದ್ದು ಗುಂಡ್ಲುಪೇಟೆಯಲ್ಲಿ. ಊಟಿ ರಸ್ತೆಯ ಗೊಬ್ಬರದಂಗಡಿಯೊಂದರ ಮೇಲೆ ರೂಮು ಹಿಡಿದಿದ್ದ, ಏಕೆಂದರೆ ಕುದೇರಿನಲ್ಲಿ ನೆಟ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಜೊತೆಗಾರರು ಬೇರೆ ಬೇರೆ ದೇಶದಲ್ಲಿದ್ದರು, ಒಬ್ಬರ ಮುಖವನ್ನೂ ಅವನು ಎದುರಾಬದುರು ಕಂಡವನಲ್ಲ. ಹಬ್ಬಕ್ಕೆ ಊರಿಗೆ ಬಂದರೆ ಅವ್ವ ಅವನ ತಲೆ ಸವರಿ "ಏನ್ ಮಾಡಿಯೋ ಏನೋ ಮಗಾ, ಹೊಟ್ಟೆ ತುಂಬ ಉಣ್ಣು" ಅನ್ನುತ್ತಿದ್ದಳು. ಅವಳಿಗೆ ಅವನ ಕೆಲಸದ ಬಗ್ಗೆ ಅಷ್ಟು ಗೊತ್ತಿದ್ದರೆ ಸಾಕಾಗಿತ್ತು.

ಅವ್ವ ಸಂತೆಮರಹಳ್ಳಿ ಸಂತೆಯಲ್ಲಿ ತರಕಾರಿ ಮಾರುವವಳು. ನಮ್ಮಿಬ್ಬರ ಓದೂ ಆ ತಕ್ಕಡಿಯಲ್ಲೇ ಆಗಿದ್ದು. ತಕ್ಕಡಿ ಸಮಕ್ಕೆ ನಿಂತ ಮೇಲೂ ಅವಳ ಕೈ ಸುಮ್ಮನಿರುವುದಿಲ್ಲ. ಇನ್ನೊಂದು ಹಿಡಿ ಅವರೆಕಾಯಿಯನ್ನು ಎತ್ತಿ ಗಿರಾಕಿಯ ಚೀಲಕ್ಕೆ ಹಾಕುತ್ತದೆ. ಅದೇ ಕೊಸರು. ಬೇರೆಯವರ ಹತ್ತಿರ ಕೊಸರನ್ನು ಕೇಳಿ, ಜಗಳವಾಡಿ ಹಾಕಿಸಿಕೊಳ್ಳಬೇಕು. ಅವ್ವ ಕೇಳುವ ಮೊದಲೇ ಹಾಕಿಬಿಡುತ್ತಾಳೆ. ನಾನು ಗದರಿದರೆ, "ಸಮಸಮಕ್ಕೆ ತೂಗ್ಬುಟ್ಟು ಕಳ್ಸಕೆ ಅವ್ರೇನು ನಮ್ ಶತ್ರುಗಳಾ ಅಮ್ಮಿ?" ಎಂದು ನನ್ನನ್ನೇ ಗದರುತ್ತಾಳೆ.

ಒಂದು ಮಧ್ಯಾಹ್ನ, ಶಾಲೆಯಲ್ಲಿ ಬುತ್ತಿ ಬಿಚ್ಚುವ ಹೊತ್ತಿಗೆ ತಮ್ಮನ ಫೋನು ಬಂತು. "ಅಕ್ಕಾ, ಎಲ್ಲ ಖಾಲಿ ಆಗೋಯ್ತಾ ಅದೆ" ಅಂದ. ನೀರಿನ ಟ್ಯಾಂಕೇನೋ ಒಡೆಯಿತೆಂದು ತಿಳಿದು ನಾನು ಓನರಿಗೆ ಹೇಳು ಅಂದೆ. "ಪೂಲ್ ಅಕ್ಕ, ಪೂಲು. ಕಣ್ಮುಂದೆ ಓಗ್ತಾ ಅದೆ. ಕಾಣ್ತದೆ, ಮುಟ್ಟಕಾಗಲ್ಲ." ಅವನ ದನಿ ಕೇಳಿದ ಮೇಲೆ ಊಟ ಯಾರಿಗೆ ಬೇಕು. ರಜೆ ಚೀಟಿ ಬರೆದಿಟ್ಟು ಗುಂಡ್ಲುಪೇಟೆ ಬಸ್ಸು ಹತ್ತಿದೆ.

ರೂಮಿಗೆ ಹೋದಾಗ ಅವನು ಗೋಡೆಗೆ ಒರಗಿ ಕೂತಿದ್ದ. ಅಷ್ಟರಲ್ಲಿ ಎಲ್ಲ ಮುಗಿದಿತ್ತು. ನಾನು ಚಹಾ ಕಾಸಿ ಕೊಟ್ಟು, ನನಗೆ ತಿಳಿಯುವ ಹಾಗೆ ಹೇಳು ಅಂದೆ. ಅವನು ನಿಧಾನವಾಗಿ ಹೇಳಿದ. ಜನರಿಗೆ ನಾಣ್ಯ ವಾಪಸ್ಸು ಕೊಡುವಾಗ ಭಾಗಾಕಾರ ಮಾಡಬೇಕು, ಕೊನೆಗೊಂದು ಚೂರು ಉಳಿಯುತ್ತದೆ. ಆ ಚೂರು ಪೂಲಿಗೇ ಸೇರಬೇಕು, ಗಿರಾಕಿಯ ಕಡೆಗೆ ಹೋಗಬಾರದು ಎನ್ನುವುದು ಆ ಕಸುಬಿನವರ ವಾಡಿಕೆ. ಇವನು ಒಂದೇ ಒಂದು ಸಾಲಿನಲ್ಲಿ ಅದನ್ನು ಗಿರಾಕಿಗೆ ಬಿಟ್ಟಿದ್ದ. ಪೈಸೆಯನ್ನು ಎಷ್ಟು ಸಲ ಸೀಳಿದರೂ ಸಿಗದಷ್ಟು ಸಣ್ಣ ಚೂರು ಅದು. ಹಾಕಿದವರ ಜೇಬಿಗೇ ಹೋಗಲಿ ಎಂದುಕೊಂಡಿದ್ದ. ಹೊರಗಿನಿಂದ ತಪಾಸಣೆ ಮಾಡಿದವರೂ ಆ ಸಾಲು ನೋಡಿ, ಇಷ್ಟು ಚಿಕ್ಕದರಿಂದ ಏನಾದೀತು ಎಂದು ಬಿಟ್ಟಿದ್ದರು.

ಅದನ್ನು ಕಂಡ ಕಳ್ಳನೊಬ್ಬ ಬಿಡಲಿಲ್ಲ. ಆ ಲೋಕದಲ್ಲಿ ಕಣ್ಣು ಮಿಟುಕಿಸುವಷ್ಟು ಹೊತ್ತಿಗೆ ಮಾತ್ರ ರಾಶಿ ರಾಶಿ ಸಾಲ ಸಿಗುತ್ತದಂತೆ, ಅದೇ ಗಳಿಗೆಯಲ್ಲಿ ತೀರಿಸಿಬಿಟ್ಟರಾಯಿತು. ಕಳ್ಳ ಆ ಸಾಲ ತಂದು, ಪೂಲಿನಲ್ಲಿ ಪಾಲು ಅಳೆಯುವ ಸೇರನ್ನೇ ಹಿಗ್ಗಿಸಿದ. ಅಳತೆ ಹಿಗ್ಗಿದ್ದಕ್ಕೆ ಒಂದು ಕಾಳಿನ ಚೂರು ಒಂದು ಮೂಟೆಯಾಯಿತು. ಆಮೇಲೆ ಹಾಕಿದ, ತೆಗೆದ, ಹಾಕಿದ, ತೆಗೆದ, ಪ್ರತಿಸಲವೂ ಮೂಟೆ ಮೂಟೆ ಹೊತ್ತ. "ಅವನು ಬೀಗ ಒಡೀಲಿಲ್ಲ ಅಕ್ಕ. ನಾ ಕೊಟ್ಟಿದ್ದನ್ನೇ ಈಸ್ಕಂಡ" ಅಂದ ತಮ್ಮ.

"ಯಾಕ್ಲಾ ಹಂಗ್ ಬರ್ದೆ? ವಾಡಿಕೆ ಗೊತ್ತಿತ್ತಲ್ಲ?" ಅಂದೆ. ಅವನು ಕಂಪ್ಯೂಟರು ತಿರುಗಿಸಿ ಆ ಸಾಲು ತೋರಿಸಿದ. ಪಕ್ಕದಲ್ಲಿ, ಓದುವವರಿಗೆ ಗುರುತಿಗೆಂದು, ಇಂಗ್ಲಿಷ್ ಅಕ್ಷರಗಳಲ್ಲಿ ಒಂದೇ ಪದ ಬರೆದಿದ್ದ: ಕೊಸರು. ನನಗೆ ನಗು ಬಂತು, ಅದರ ಬೆನ್ನಿಗೇ ಅಳು ಬಂತು. ಅವನು ನನ್ನ ಎರಡೂ ಕೈ ಹಿಡಿದುಕೊಂಡು, "ಅವ್ವನ್ಗೆ ಮಾತ್ರ ಇದ ಯೋಳ್ಬ್ಯಾಡ ಕಣಕ್ಕ. ಅವ್ಳ ಕೈ ನಿಂತೋಯ್ತದೆ" ಅಂದ. ಹೇಳುವುದಿಲ್ಲ ಎಂದು ನಾನು ಮಾತು ಕೊಟ್ಟೆ.

ಆ ಪದವೇ ಅವನಿಗೆ ಮುಳುವಾಯಿತು. ಪ್ರೋಗ್ರಾಮನ್ನು ಲೋಕವೆಲ್ಲ ಓದಬಹುದಲ್ಲ, ಓದಿದರು. ಕಳ್ಳ ನುಗ್ಗಿದ ಸಾಲಿನ ಪಕ್ಕದಲ್ಲೇ ಯಾವ ನಿಘಂಟಿನಲ್ಲೂ ಅವರಿಗೆ ಸಿಗದ ಪದವೊಂದು ಕೂತಿದೆ. ಇದು ಸಂಕೇತ, ಒಳಗಿನವನೇ ಹೊರಗಿನವನಿಗೆ ಬಿಟ್ಟ ಗುರುತು ಎಂದು ನೆಟ್ಟಿನಲ್ಲಿ ಒಬ್ಬ ಬರೆದ. ಮಿಕ್ಕವರು ಅದನ್ನೇ ಹಿಡಿದು ಜಗ್ಗಿದರು. ಆ ಭಾನುವಾರ ಅವನ ಜೊತೆಗಾರರು ವಿಡಿಯೊ ಕಾಲ್ ಮಾಡಿದರು. ತಮ್ಮ ಕೇಳಿಕೊಂಡನೆಂದು ನಾನು ಪರದೆಗೆ ಕಾಣದ ಹಾಗೆ ಪಕ್ಕದಲ್ಲಿ ಕೂತಿದ್ದೆ.

ಕೊಸರು ಅಂದರೇನು ಎಂದು ಕೇಳಿದರು. ತಮ್ಮ ಇಂಗ್ಲಿಷಿನಲ್ಲಿ ಹುಡುಕಿದ. ಹೆಚ್ಚಿಗೆ ಕೊಡುವುದು ಅಂದ. ಯಾಕೆ ಹೆಚ್ಚಿಗೆ ಎಂದರು. ಪ್ರೀತಿಗೆ ಅಂದ. ಯಾರ ಪ್ರೀತಿಗೆ, ಗಿರಾಕಿ ನಿನಗೆ ಗೊತ್ತಿದ್ದವನೇ ಎಂದರು. ಇಲ್ಲ, ಗೊತ್ತಿಲ್ಲದವರಿಗೇ ಕೊಡುವುದು, ನಮ್ಮ ತಾಯಿ ಸಂತೆಯಲ್ಲಿ ಹಾಗೇ ಕೊಡುತ್ತಾಳೆ ಅಂದ.  ಆ ಕಡೆಯಿಂದ ಒಬ್ಬ, ತಾಯಿಯನ್ನು ಇದರಲ್ಲಿ ಎಳೆಯಬೇಡ, ತಪ್ಪು ಒಪ್ಪಿಕೊಂಡರೆ ಎಲ್ಲರಿಗೂ ಸುಲಭವಾಗುತ್ತದೆ ಅಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಕನಿಕರವಿತ್ತು.  ನನಗೆ ಪರದೆಯ ಮುಂದೆ ಹೋಗಿ ಕನ್ನಡದಲ್ಲೇ ನಾಲ್ಕು ಬೈದುಬಿಡೋಣ ಅನ್ನಿಸಿತು. ತಮ್ಮ ಮೊಣಕಾಲಿನಿಂದ ನನ್ನ ಮೊಣಕಾಲನ್ನು ಒತ್ತಿ ಹಿಡಿದಿದ್ದ. ಕಾಲ್ ಮುಗಿಯುವ ಹೊತ್ತಿಗೆ ಅವನನ್ನು ಕೆಲಸದಿಂದ ತೆಗೆದಿದ್ದರು. ಆಮೇಲೆ ಬೇರೆ ಎಲ್ಲಿ ಕೇಳಿದರೂ ಅವನ ಹೆಸರು ಹೇಳುತ್ತಿದ್ದ ಹಾಗೆ ಆ ಪದವೂ ಮೇಲೆ ಬರುತ್ತಿತ್ತು.

ಅವನು ರೂಮು ಬಿಟ್ಟು ಕುದೇರಿಗೆ ಬಂದ. ಅವ್ವನಿಗೆ ಲೆಕ್ಕದಲ್ಲಿ ಏನೋ ತಪ್ಪಾಯಿತು, ಕೆಲಸ ಹೋಯಿತು ಅಂದ. ಅವ್ವ ಹೋದರೆ ಹೋಗಲಿ ಅಂದಳು. ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಭೀಮನಬೀಡಿನ ಹೂವಿನ ವ್ಯಾಪಾರಿಯೊಬ್ಬರಿದ್ದರು. ಚೆಂಡುಹೂವನ್ನು ಕೇರಳಕ್ಕೆ ಕಳಿಸುವವರು, ತಮ್ಮನ ಸ್ನೇಹಿತರು. ಇವನು ಬೇಡವೆಂದರೂ ಕೇಳದೆ ಅದೇ ಪೂಲಿಗೆ ಉಳಿತಾಯದ ದುಡ್ಡು ಹಾಕಿದ್ದರು. ಅದೆಲ್ಲ ಹೋದ ಮೇಲೆ ಅವರ ಮೊಬೈಲಿಗೂ ಆ ಸಂಕೇತದ ಮಾತು ತಲುಪಿತ್ತು. ಇವನು ಮನೆಯಲ್ಲಿಲ್ಲದ ಹೊತ್ತಿಗೆ ಬಂದು ಜಗಲಿಯಲ್ಲಿ ಕೂತು, "ನಿನ್ ಮಗನೇ ಕಳ್ಳಂಗೆ ಬಾಗ್ಲು ತೆಗ್ದು ಮಡಗಿದ್ದಂತೆ ಕಣವ್ವ. ಪಾಲು ಇಲ್ದೆ ಯಾರಾದ್ರೂ ಹಂಗ್ ಮಾಡಾರಾ?" ಎಂದು ಹೇಳಿ ಹೋದರು. ಅವರ ಮೇಲೆ ನನಗೆ ಇವತ್ತಿಗೂ ಕೋಪವಿದೆ. ಆದರೆ ಅವರು ಕಳೆದುಕೊಂಡದ್ದೂ ಸುಳ್ಳಲ್ಲ.

ನಾನು ಶನಿವಾರ ಊರಿಗೆ ಹೋದಾಗ ಅವ್ವ ಹಿತಕಿದ ಬೇಳೆಗೆ ಅವರೆಕಾಳು ಹಿಸುಕುತ್ತಾ ಕೂತಿದ್ದಳು. ತಮ್ಮ ಅವಳೆದುರಿಗೆ ಕೂತಿದ್ದ. ನಾನು ಚಪ್ಪಲಿ ಬಿಡುತ್ತಿರುವಾಗಲೇ ಅವ್ವ ಶುರುಮಾಡಿದಳು.

"ಮಗಾ, ಒಂದ್ ಮಾತ್ ಕೇಳ್ತೀನಿ, ಬೇಜಾರ್ ಮಾಡ್ಕಬ್ಯಾಡ. ಅದೇನೋ ಲೆಕ್ಕ ತಪ್ಪಾಯ್ತು ಅಂದ್ಯಲ್ಲ, ಯಾವ್ ಲೆಕ್ಕ?"

"ಯೋಳುದ್ರೆ ನಿಂಗ್ ತಿಳಿಯಕಿಲ್ಲ ಬುಡವ್ವ."

"ತಿಳಿಯಂಗ್ ಯೋಳು. ಸಣ್ಣೋನಾಗಿದ್ದಾಗ್ಲಿಂದ ನೀ ಲೆಕ್ಕ ತಪ್ಪಿದ್ದ ನಾ ಕಂಡಿಲ್ಲ. ಅಷ್ಟೊಂದು ದುಡ್ಡು ಓಗಂಗೆ ಯಾಕ್ ಬರ್ದೆ? ಯಾರ್ ಯೋಳ್ಕೊಟ್ರು ನಿಂಗೆ?"

ನಾನು ಬಾಗಿಲಲ್ಲೇ ನಿಂತೆ. ಯಾರು ಹೇಳಿಕೊಟ್ಟರು. ಸಿಪ್ಪೆ ಒಂದು ಕಡೆ, ಬೇಳೆ ಒಂದು ಕಡೆ ಬೀಳಿಸುತ್ತಿದ್ದ ಅವಳ ಬೆರಳುಗಳನ್ನೇ ತಮ್ಮ ನೋಡುತ್ತಿದ್ದ. ಒಂದು ಪದ ಹೇಳಿದರೆ ಸಾಕಿತ್ತು. ಲೋಕದಲ್ಲಿ ನನ್ನನ್ನು ಬಿಟ್ಟರೆ ವಿವರಣೆಯಿಲ್ಲದೆ ಆ ಪದ ಅರ್ಥವಾಗುವ ಒಬ್ಬಳೇ ಒಬ್ಬಳು ಅವನ ಮುಂದೆ ಕೂತಿದ್ದಳು, ಅವಳಿಗೇ ಅದನ್ನು ಹೇಳುವಂತಿರಲಿಲ್ಲ.

ಅವನು ಸುಮ್ಮನಿದ್ದದ್ದನ್ನು ಅವ್ವ ಬೇರೆ ಥರ ಅರ್ಥ ಮಾಡಿಕೊಂಡಳು. ಕೈ ಒರೆಸಿಕೊಂಡು ಅವನ ಹತ್ತಿರ ಸರಿದು, ನನಗೂ ಕೇಳಿಸಬಾರದು ಎನ್ನುವ ಹಾಗೆ ಸಣ್ಣಗೆ ಕೇಳಿದಳು. "ನೀನೇನಾರ ತಕಂಡ್ಯಾ ಕೂಸೆ? ತಕಂಡಿದ್ರೆ ಕೊಟ್ಬುಡು. ನಾ ಬಯ್ಯಕಿಲ್ಲ. ಯಾರ್ಗೂ ಯೋಳಕಿಲ್ಲ."

ಅವನು ತಲೆ ಎತ್ತಿ ನನ್ನನ್ನು ನೋಡಿದ. ನಾನು ಬೇಡ ಎಂದು ತಲೆಯಾಡಿಸಿದೆ. ಯಾವುದು ಬೇಡ ಎಂದು ನನಗೇ ಗೊತ್ತಿರಲಿಲ್ಲ.

"ಊಂ ಅವ್ವ, ತಕಂಡೆ. ಕೊಟ್ಬುಡ್ತೀನಿ" ಅಂದ.

ಅವ್ವ ಅಳಲಿಲ್ಲ. ಉಸಿರುಬಿಟ್ಟಳು, ಎಷ್ಟೋ ದಿನದಿಂದ ಹೊತ್ತದ್ದನ್ನು ಇಳಿಸಿದವಳ ಹಾಗೆ. ಅವನ ಕೆನ್ನೆ ಸವರಿ, "ಆಯ್ತು ಬುಡು. ಆಸೆ ಯಾರ್ಗಿಲ್ಲ" ಅಂದಳು. ನಾನು ಹಿತ್ತಿಲಿಗೆ ಹೋಗಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ. ಅವನು ಹಿಂದೆಯೇ ಬಂದು, "ಯಾರೂ ನಂಬ್ದಿದ್ರೂ ನಾ ಕದ್ದಿಲ್ಲ ಅಂತ ಇವ್ಳಾದ್ರೂ ನಂಬ್ಲಿ ಅಂತ ಆಸೆ ಇತ್ತು ಅಕ್ಕ" ಅಂದ. ಅಷ್ಟು ಬಿಟ್ಟರೆ ಆ ವಿಷಯ ಮತ್ತೆ ಮಾತಾಡಲಿಲ್ಲ. ಅಪ್ಪಿಕೊಳ್ಳಲು ಹೋದರೆ "ಬುಡಕ್ಕ, ಬುಡು" ಎಂದು ದೂರ ಸರಿದ.

ಸ್ವಲ್ಪ ದಿನವಾದ ಮೇಲೆ ಎಲ್ಲ ಕೊಟ್ಟಾಯಿತು ಎಂದು ಅವನೇ ಅವ್ವನಿಗೆ ಹೇಳಿದ. ಅವಳು ಅಂದೇ ಮಾದಪ್ಪನಿಗೆ ಹರಕೆ ಕಟ್ಟಿಕೊಂಡಳು. ಮಗ ಕೈಯ ಕೊಳೆ ತೊಳೆದುಕೊಂಡಿದ್ದಾನೆ, ಬೆಟ್ಟಕ್ಕೆ ಬಂದು ಮುಡಿ ಕೊಡುತ್ತಾನೆ ಎಂದು. ಅವನು ಇಲ್ಲ ಅನ್ನುತ್ತಾನೆ, ಆಗಲಾದರೂ ನಿಜ ಹೊರಗೆ ಬರುತ್ತದೆ ಎಂದು ನಾನು ಕಾದೆ. ಅವನು "ಯಾವತ್ತು ಹೋಗನ?" ಅಂತ ಕೇಳಿದ.

ಕೊಳ್ಳೇಗಾಲದ ಮೇಲೆ ಹೋಗುವ ಬಸ್ಸು ಹಿಡಿದು ಬೆಟ್ಟ ಸೇರಿದೆವು. ಅವ್ವ ಬಸ್ಸಿನಲ್ಲಿ ಪಕ್ಕದವರಿಗೆಲ್ಲ ಬಾಳೆಹಣ್ಣು ಹಂಚಿದಳು. ಅವಳು ಅಷ್ಟು ಗೆಲುವಾಗಿದ್ದದ್ದನ್ನು ನಾನು ಆ ವರ್ಷವೆಲ್ಲ ನೋಡಿರಲಿಲ್ಲ. ಮುಡಿ ತೆಗೆಯುವ ಜಾಗದಲ್ಲಿ ತಮ್ಮ ಅಂಗಿ ಬಿಚ್ಚಿ ನನ್ನ ಕೈಗೆ ಕೊಟ್ಟು, ಚಕ್ಕಳಮಕ್ಕಳ ಹಾಕಿ ಕೂತು ತಲೆ ಬಗ್ಗಿಸಿದ. ನೀರು ಚಿಮುಕಿಸಿ ಕತ್ತಿ ಇಟ್ಟರು. ಅವನ ದಟ್ಟ ಕೂದಲು ತೊಡೆಯ ಮೇಲೆ, ನೆಲದ ಮೇಲೆ ಬೀಳುತ್ತಿತ್ತು. ಅವ್ವ ಗುಡಿಯ ಕಡೆ ತಿರುಗಿ, ಸುತ್ತಲಿನವರ ಪರಿವೆಯಿಲ್ಲದೆ ಗಟ್ಟಿಯಾಗಿಯೇ ಬೇಡಿಕೊಳ್ಳುತ್ತಿದ್ದಳು. "ನನ್ ಮಗ ಕದ್ದಿದ್ದು ದಿಟ ಕಣಪ್ಪ. ವಾಪಸ್ ಕೊಟ್ಬುಟ್ಟವ್ನೆ. ಇದೊಂದ್ ಸಲ ಒಟ್ಟೆಗ್ ಹಾಕ್ಕಂಡ್ಬುಡಪ್ಪ."

ತಮ್ಮ ಕಣ್ಣು ಮುಚ್ಚಿಕೊಂಡು ಕೂತಿದ್ದ. ನಾನು ಅವನ ಅಂಗಿ ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದೆ.