ಇಂಜಿನಿಗೆ ತೆಂಗಿನೆಣ್ಣೆ

ಪೆಟ್ಟಿಗೆಯ ಮುಚ್ಚಳ ತೆಗೆದದ್ದೇ ತಡ, ಕಮಟು ಹಿಡಿದ ತೆಂಗಿನೆಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಅಮ್ಮನ ಹಳೆಯ ಶೋಕೇಸು ಮಾರುವಾಗ ಅದರ ತಳದಲ್ಲಿ ಸಿಕ್ಕಿದ ಪೆಟ್ಟಿಗೆ ಅದು. ಒಳಗಿದ್ದದ್ದು ಆಟಿಕೆಯ ರೈಲು: ಅಂಗೈ ಉದ್ದದ ಹಸಿರು ಇಂಜಿನು, ನಾಲ್ಕು ಡಬ್ಬಿ, ತುಕ್ಕು ಹಿಡಿದ ಹಳಿಗಳು. ರೈಲಿಗೆ ತಲೆಗೆ ಹಚ್ಚುವ ಎಣ್ಣೆಯ ವಾಸನೆ ಯಾಕೆ ಎಂದು ನೀವು ಕೇಳುತ್ತೀರಿ. ಅಂದೇ ಯಾರಾದರೂ ಕೇಳಿದ್ದರೆ ನಾನು ಇಷ್ಟು ವರ್ಷ ಕಳ್ಳಿಯಾಗಿ ಉಳಿಯುತ್ತಿರಲಿಲ್ಲ.

ಉಡುಪಿಗೆ ಇನ್ನೂ ರೈಲು ಬಾರದ ಕಾಲ. ಎಲ್ಲೂರಿನ ನಮ್ಮ ಮನೆಗೆ ಮಾತ್ರ ಬಂದಿತ್ತು, ದುಬೈಯಿಂದ, ಮಾವನ ಸೂಟ್‌ಕೇಸಿನಲ್ಲಿ. "ಹೆಣ್ಣು ಮಗುವಿಗೆ ಯಾರಾದರೂ ರೈಲು ತರುತ್ತಾರಾ?" ಎಂದು ಅಮ್ಮ ತಮ್ಮನನ್ನು ಗದರಿದರು. "ಅವಳು ಕೇಳಿದ್ದು ಅದನ್ನೇ ಅಲ್ವಾ ಅಕ್ಕ?" ಎಂದರು ಮಾವ. ಗಲ್ಫಿನ ವಸ್ತುವೆಂದರೆ ನಮ್ಮಲ್ಲಿ ಆಡುವುದಕ್ಕಲ್ಲ, ತೋರಿಸುವುದಕ್ಕೆ. ಮಾವ ರಜೆ ಮುಗಿಸಿ ಹೋದ ಮೇಲೆ ರೈಲು ಶೋಕೇಸಿನಲ್ಲಿ ಪ್ಲಾಸ್ಟಿಕ್ ಹೂವಿನ ಪಕ್ಕ ನಿಂತಿತು. ನೆಂಟರು ಬಂದರೆ ಎರಡು ಸುತ್ತು, ಮತ್ತೆ ಬೀಗ.

ಒಂದು ಮಧ್ಯಾಹ್ನ ಅಮ್ಮ ಮಲಗಿದ್ದಾಗ ಬೀಗದ ಕೈ ಕದ್ದೆ. ಚಕ್ರ ಕಿರ್ ಎಂದಿತು. ಅಜ್ಜಿಯ ಮಂಡಿಗೂ ಬಾಗಿಲಿನ ತಿರುಗಣಿಗೂ ನಮ್ಮ ಮನೆಯಲ್ಲಿ ಮದ್ದು ಒಂದೇ ಇತ್ತು. ಬಾಟಲಿಯಿಂದ ಧಾರಾಳವಾಗಿ ಸುರಿದೆ. ಆಹಾ, ಎಂಥ ಓಟ! ಕೆಲವು ವಾರಗಳಲ್ಲಿ ಎಣ್ಣೆ ಅಂಟಾಗಿ, ಇಂಜಿನು ಕೆಸರಿನಲ್ಲಿ ಮಲಗಿದ ಎಮ್ಮೆಯಂತೆ ಅಲುಗದೆ ಕುಳಿತಿತು.

ಮುಂದಿನ ರಜೆಯಲ್ಲಿ ಮಾವ ನೆರೆಕರೆಯವರನ್ನೆಲ್ಲ ಕರೆದು ಸ್ವಿಚ್ ಒತ್ತಿದರು. ಇಂಜಿನು ಗುಂಯ್ ಎಂದು ಸುಮ್ಮನಾಯಿತು. "ಡೂಪ್ಲಿಕೇಟ್ ಮಾಲು ತಂದದ್ದಾ ಮಾರಾಯ?" ಎಂದು ಯಾರೋ ನಕ್ಕರು. ಮಾವನ ಮುಖ ಸಣ್ಣದಾಯಿತು. ಬಾಗಿಲ ಹಿಂದಿದ್ದ ನಾನು ತುಟಿ ಬಿಚ್ಚಲಿಲ್ಲ. ಆಮೇಲೆ ಅವರು ನನಗೆ ತಂದದ್ದೆಲ್ಲ ಸಾಬೂನು, ಸೆಂಟು. ಪರಿಮಳದ ಸಾಬೂನು ಕಂಡರೆ ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ಮಾವ ಈಗ ಕಾರ್ಕಳದಲ್ಲಿ ನೆಲೆಸಿದ್ದಾರೆ. ಪೆಟ್ಟಿಗೆ ಸಿಕ್ಕಿದ ವಾರವೇ ಅವರನ್ನು ಕಾಪುವಿನ ನನ್ನ ಮನೆಗೆ ಊಟಕ್ಕೆ ಕರೆದೆ. ಒಂದು ತಿಂಗಳು ಬಿಟ್ಟು ಬರುತ್ತೇನೆಂದರು. ಅಷ್ಟರೊಳಗೆ ಇದನ್ನು ಓಡಿಸಿಯೇ ಸಿದ್ಧ, ನಿಜ ಹೇಳಿಯೇ ಸಿದ್ಧ ಎಂದು ಹಟ ಹಿಡಿದೆ. ಹೊಸ ಇಂಜಿನಿನ ಬೆಲೆಯನ್ನು ಫೋನಿನಲ್ಲಿ ನೋಡಿ, ಫೋನನ್ನೇ ಕವುಚಿಟ್ಟೆ. ಮಣಿಪಾಲದ ಆಫೀಸಿನ ನನ್ನ ಸಂಬಳ ಅದಕ್ಕೆ ಹುಟ್ಟಿದ್ದಲ್ಲ.

ಉಡುಪಿಯ ವಾಚು ರಿಪೇರಿಯವರೊಬ್ಬರು ಇಂಜಿನನ್ನು ಮೂಸಿದರು. "ಇದಕ್ಕೆ ಎಂತ ಅಕ್ಕ, ಒಗ್ಗರಣೆ ಹಾಕಿದ್ದಾ?" ಬಿಚ್ಚುವುದನ್ನು ಕಲಿಸಿಯೂ ಕೊಟ್ಟರು. "ಸ್ಪಿರಿಟ್‌ನಲ್ಲಿ ತೊಳೆಯಿರಿ. ಹೊಲಿಗೆ ಮಿಷನಿನ ಎಣ್ಣೆ ಸೂಜಿಮೊನೆಯಷ್ಟು ಸಾಕು. ಜಾಸ್ತಿ ಪ್ರೀತಿ ಬೇಡ."

ಆಫೀಸಿನಿಂದ ಬಂದು ದಿನವೂ ಹಳೆಯ ಬ್ರಷ್ಷಿನಿಂದ ಹಲ್ಲುಚಕ್ರ ತಿಕ್ಕಿದೆ. ಹಳಿಯ ತುಕ್ಕನ್ನು ಪೆನ್ಸಿಲಿನ ರಬ್ಬರಿನಿಂದ ಉಜ್ಜಿದೆ. ಎರಡು ಸಲ ಜೋಡಿಸಿದಾಗಲೂ ಒಂದು ಸ್ಕ್ರೂ ಉಳಿಯಿತು. ಎರಡು ಸಲವೂ ಮತ್ತೆ ಬಿಚ್ಚಿದೆ. ಮದುವೆ ಕಾಗದಗಳ ರಟ್ಟಿನಿಂದ ಸುರಂಗ ಮಾಡಿ, ಮೇಲೆ ಕೆಂಪುಕಲ್ಲಿನ ಪುಡಿ ಅಂಟಿಸಿ ಗುಡ್ಡ ಎಬ್ಬಿಸಿದೆ. ಒಳಗೆ ಬಗ್ಗಿ ನೋಡಿದರೆ ಯಾರದೋ ಶುಭಮುಹೂರ್ತ ಇನ್ನೂ ಕಾಣುತ್ತದೆ.

ಮಾವ ಬಂದರು. ಊಟಕ್ಕೆ ಮೊದಲೇ ಹೇಳಿಬಿಟ್ಟೆ. "ಮಾವ, ಆ ರೈಲಿಗೆ ತೆಂಗಿನೆಣ್ಣೆ ಸುರಿದು ಹಾಳು ಮಾಡಿದ್ದು ನಾನು."

ಅವರು ಹಳಿಯ ಮೇಲೆ ನಿಲ್ಲಿಸಿದ್ದ ಇಂಜಿನಿನ ಕಡೆ ಬಗ್ಗಿ ನೋಡಿದರು. ಆಮೇಲೆ ಮೆಲ್ಲಗೆ, "ನಾನು ದುಬೈಗೆ ವಾಪಸು ಹೋದವನೇ ಇದನ್ನು ಕೊಂಡ ಅಂಗಡಿಗೆ ಹೋಗಿ ಜಗಳ ಮಾಡಿದೆ ಮಾರಾಯ್ತಿ. ಒಳ್ಳೆಯ ಮಾಲು ಅಂತ ಅಂಗಡಿಯ ಮುದುಕ ಆಣೆ ಹಾಕಿದ. ಎಲ್ಲರೆದುರು ಕಳ್ಳ ಅಂತ ಬೈದು ಬಂದೆ. ನಿನ್ನ ರೈಲಿಗೆ ಅಂತ ಒಂದು ಸೇತುವೆ ತೆಗೆದಿಡಲು ಹೇಳಿದ್ದೆ, ಅದನ್ನೂ ಬಿಟ್ಟು ಬಂದೆ" ಎಂದರು.

ನನ್ನ ಕಣ್ಣು ತುಂಬಿತು. ತಪ್ಪಿದ ಸೇತುವೆಗೋ, ಕಂಡೇ ಇರದ ಆ ಮುದುಕನಿಗೋ ಹೇಳಲಾರೆ. ಬೇರೇನೂ ತೋಚದೆ ಸ್ವಿಚ್ ಒತ್ತಿದೆ. ಇಂಜಿನು ಒಮ್ಮೆ ತಡವರಿಸಿ ಹೊರಟಿತು, ಸುರಂಗ ಹೊಕ್ಕು ಆಚೆ ಬಂತು. ಮಾವ ಕುರ್ಚಿ ಹತ್ತಿರ ಎಳೆದುಕೊಂಡರು. "ಇನ್ನೊಂದು ಸುತ್ತು ಬಿಡು," ಎಂದರು. ಅನ್ನ ಆರಿತು.

ಸುರಂಗದಾಚೆ ಈಗ ಸೇತುವೆ ಏಳುತ್ತಿದೆ, ಐಸ್‌ಕ್ರೀಂ ಕಡ್ಡಿಗಳದ್ದು. ಕಡ್ಡಿ ಕೂಡಿಸುವ ಭಾರವನ್ನು ಸಕ್ಕರೆ ಕಾಯಿಲೆಯ ಮಾವ ಸಂತೋಷದಿಂದ ಹೊತ್ತಿದ್ದಾರೆ. ಸೇತುವೆಯ ತುದಿಯಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಅಂಗಡಿಯೊಂದನ್ನು ಇಟ್ಟಿದ್ದೇನೆ. ಅದರ ಬೋರ್ಡನ್ನು ಮಾವನೇ ಬರೆದರು: ಒಳ್ಳೆಯ ಮಾಲು.