ಭರಮಣ್ಣ ತುಂಬಿಕೊಟ್ಟ ಖಾಲಿ ತಿಂಗಳುಗಳು

ಓಡುತ್ತಿರುವ ಯಂತ್ರ ಕಂಡರೆ ಅದರ ಮೇಲೊಮ್ಮೆ ಅಂಗೈ ಇಡದೆ ಭರಮಣ್ಣ ಮುಂದೆ ಹೋದವರಲ್ಲ. ಹೋಟೆಲಿನ ಫ್ರಿಜ್ಜು, ಯಾರದೋ ಮೋಟಾರ್ ಸೈಕಲ್ಲು, ಕೊಲ್ಹಾಪುರ ಸ್ಟ್ಯಾಂಡಿನಲ್ಲಿ ಗುರುಗುಡುತ್ತ ನಿಂತ ಬಸ್ಸು, ಯಾವುದಾದರೂ ಸರಿ. ಒಮ್ಮೆ ಗಡಹಿಂಗ್ಲಜದ ನಮ್ಮ ಮನೆಗೆ ಬಂದವರು ಚಹಾದ ಕಪ್ಪು ಕೆಳಗಿಟ್ಟು ನನ್ನ ಹೆಂಡತಿಯ ಮಿಕ್ಸರಿನ ನೆತ್ತಿ ಮುಟ್ಟಿ, "ವೈನಿ, ಇದರ ಬುಶ್ ಹೋಗೇತ್ರಿ. ಇನ್ನ ಎಂಟ ದಿನ ನಡೀತೈತಿ," ಎಂದರು. ಒಂಬತ್ತನೆಯ ದಿನ ಅದು ನಿಂತಿತು. ಅವರ ಬಾಯಿಂದಲೇ ಹಾಗಾಯಿತು ಎಂದು ಅವಳು ಇವತ್ತಿಗೂ ಗೊಣಗುತ್ತಾಳೆ.

ಇಚಲಕರಂಜಿಯ ಶಹಾಪುರದಲ್ಲಿ ಮೂವತ್ತು ವರ್ಷ ಮಗ್ಗ ರಿಪೇರಿ ಮಾಡಿದ ಕೈ ಅದು. ಐವತ್ತು ದಾಟಿದ ಮೇಲೆ ಕಂಪ್ಯೂಟರ್ ಕಲಿತು, ಮಗ್ಗದ ಶೆಡ್ಡುಗಳ ನಡುವೆಯೇ ಒಂದು ಸಣ್ಣ ಅಂಗಡಿ ಇಟ್ಟರು. ಕೊಲ್ಹಾಪುರದ ಒಂದು ಸಂಸ್ಥೆಯ ಜಾಲತಾಣ ನೋಡಿಕೊಳ್ಳುವ ಕೆಲಸ ಅವರಿಗೆ ಸಿಕ್ಕಿತು. ದನ, ಕುರಿ, ಬೆಳೆಗಳ ಮಾಹಿತಿ ಕೊಡುವ ಮರಾಠಿ ತಾಣ. ಅದರ ಮೂಲೆಯಲ್ಲಿ ಕನ್ನಡದ ಇಪ್ಪತ್ತು ಪುಟಗಳಿದ್ದವು. ಗಡಿಯ ಹಳ್ಳಿಗಳ ಕುರಿಗಾರರಿಗಾಗಿ ಅವನ್ನು ಬರೆದವನು ನಾನು, ಗಡಹಿಂಗ್ಲಜದ ಪಶು ದವಾಖಾನೆಯ ನಿವೃತ್ತ ಕಂಪೌಂಡರ್. ನೌಕರಿ ಮುಗಿದ ಮೇಲೆ ನನಗೆ ಉಳಿದಿದ್ದ ಮರ್ಯಾದೆ ಅಂದರೆ ಆ ಇಪ್ಪತ್ತು ಪುಟ.

ಒಂದು ಮಳೆಗಾಲದ ಆರಂಭದಲ್ಲಿ ಸಂಸ್ಥೆಯವರು ತಾಣಕ್ಕೆ ಹೊಸ ವೇಷ ತೊಡಿಸಿದರು. ಓದುಗರನ್ನು ಎಣಿಸುವ ಕೋಡಿನ ತುಣುಕನ್ನು ಮರಾಠಿ ಪುಟಗಳಿಗೆ ಅಂಟಿಸಿದವರು ಕನ್ನಡ ಪುಟಗಳಿಗೆ ಅಂಟಿಸಲು ಮರೆತರು. ದೀಪಾವಳಿಯ ಹೊತ್ತಿಗೆ ಕಾರ್ಯದರ್ಶಿಗಳು ಅಂಕಿಅಂಶ ತೆಗೆದು ನೋಡಿದರೆ ಮರಾಠಿಯದು ಗುಡ್ಡದ ಹಾಗೆ ಏರಿತ್ತು, ಕನ್ನಡದ್ದು ಐದು ತಿಂಗಳು ನೆಲಕ್ಕೆ ಮಲಗಿತ್ತು. "ವಾಚಣಾರಾ ಕೋಣೀಚ ನಾಹೀ," ಓದುವವರೇ ಇಲ್ಲ, ಮುಂದಿನ ಸಭೆಯಲ್ಲಿ ಮುಚ್ಚಿಬಿಡೋಣ ಎಂದರು.

ನನಗೆ ಮೊದಲೇ ಸಿಟ್ಟು ಮೂಗಿನ ತುದಿಯಲ್ಲಿ. ಫೋನಿನಲ್ಲಿ ಭರಮಣ್ಣನ ಮೇಲೆಯೇ ಹರಿಹಾಯ್ದೆ. ಅವರು ಪೂರ್ತಿ ಕೇಳಿಸಿಕೊಂಡು, "ಕಂಪೌಂಡರ್ ಸಾಹೇಬ್ರ, ಖಾಲಿ ಅಂದ್ರ ಸೊನ್ನೆ ಅಲ್ರೀ. ಖಾಲಿ ಅಂದ್ರ ಯಾರೂ ಎಣಿಸಿಲ್ಲ ಅಂತ. ನಾಳೆ ಬರ್ರಿ, ಎಣಸೂಣು," ಎಂದರು.

ಮರುದಿನ ಬಸ್ಸು ಹಿಡಿದು ಹೋದೆ. ಸುತ್ತ ಮಗ್ಗಗಳ ಖಟಖಟ, ನಾವು ಅರ್ಧ ಮಾತು ಕೈಸನ್ನೆಯಲ್ಲೇ ಆಡಬೇಕು. ಯಾರು ಪುಟ ತೆರೆದರೂ ಸರ್ವರ್ ಒಂದು ಸಾಲು ಬರೆದಿಡುತ್ತದಂತೆ: ಯಾವ ಹೊತ್ತು, ಯಾವ ವಿಳಾಸದಿಂದ, ಯಾವ ಪುಟ. ಎಣಿಸುವ ತುಣುಕು ಇರಲಿ, ಬಿಡಲಿ, ಈ ಬರೆಯುವುದು ತಪ್ಪುವುದಿಲ್ಲ. ಸಂಸ್ಥೆಯವರು ಅದನ್ನು ತಿಂಗಳಿಗೊಮ್ಮೆ ಅಳಿಸುತ್ತಿದ್ದರು. ಭರಮಣ್ಣ ಮಾತ್ರ ಅಳಿಸುವ ಮುಂಚೆ ಒಂದು ಪ್ರತಿ ಮಡಿಚಿ ತಮ್ಮ ಡಿಸ್ಕಿನಲ್ಲಿ ಇಡುತ್ತಿದ್ದರು. ಯಾಕೆಂದು ಕೇಳಿದೆ. "ಮಗ್ಗದಾಗ ಇದ್ದಾಗ ಪ್ರತಿ ಬೀಮ್ ನೂಲ ನೇದ ಮ್ಯಾಲ ಒಂದ ಗೇಣ ಅರಿವಿ ಕತ್ತರಿಸಿ ಇಡತಿದ್ನಿರಿ. ನಾಳೆ ಯಾರರ ತಕರಾರ ಮಾಡಿದ್ರ ತೋರಸಾಕ ಬೇಕಲ್ರೀ. ಹಾಂಗ ರೂಢಿ ಆಗೇತಿ."

ನಾಲ್ಕು ದಿನ ಕೂತೆವು. ಅಂಗಡಿಯ ನಲ್ಲಿಗೆ ಅವರು ಬಿಳಿ ಅರಿವೆ ಕಟ್ಟಿದ್ದರು, ಸೋಸದ ನೀರು ಕುಡಿಯದ ಜೈನರು. ಆ ಸಾಲುಗಳನ್ನೂ ಹಾಗೆಯೇ ಸೋಸಿದರು. ಜಾಲದಲ್ಲಿ ಅಲೆಯುವ ರೋಬೋಟುಗಳದ್ದೇ ಅರ್ಧ ಸದ್ದು, ಅವನ್ನೆಲ್ಲ ತೆಗೆದರು. ಉಳಿದದ್ದರಲ್ಲಿ ಎಲ್ಲಕ್ಕಿಂತ ದೊಡ್ಡ ಗುಂಪು ಬೆಳಗಿನ ಎಂಟಕ್ಕೆ ಓದಿತ್ತು. ಅದು ದಡ್ಡಿಯಿಂದ ಕುರಿ ಬಿಡುವ ಹೊತ್ತು, ಯಾವ ಕುರಿಗಾರ ಫೋನು ನೋಡುತ್ತಾನೆ? ಭರಮಣ್ಣ ನಕ್ಕರು. "ತಡೀರಿ, ಸರ್ವರಿಂದು ಪರದೇಶದ ಗಡಿಯಾರ. ಐದೂವರಿ ತಾಸ ಕೂಡಸ್ರಿ." ಕೂಡಿಸಿದರೆ ಮಧ್ಯಾಹ್ನ ಒಂದೂವರೆ. ಕುರಿಗಳು ನೆರಳಿಗೆ ಮಲಗುವ ಹೊತ್ತು. ಜನ್ಮವೆಲ್ಲ ಕುರಿಗಾರರ ನಡುವೆ ಕಳೆದವನು ನಾನು. ಕಣ್ಣು ತುಂಬಿ ಬಂತು, ಮುಚ್ಚಿಡಲೂ ಹೋಗಲಿಲ್ಲ.

ಸಭೆಯಲ್ಲಿ ಅಂಕಿ ಇಟ್ಟೆವು. ಕಾರ್ಯದರ್ಶಿಗಳು "ಛಾನ!" ಚೆಂದ ಎಂದು ಕನ್ನಡ ಪುಟಗಳನ್ನು ಉಳಿಸಿದರು. ನಾನು ಗಡಹಿಂಗ್ಲಜಕ್ಕೆ ಪೇಢೆ ಒಯ್ದೆ.

ಎಂಟು ದಿನಕ್ಕೆ ಭರಮಣ್ಣನ ಫೋನು. "ತಪ್ಪ ಆಗೇತ್ರಿ."

ಮಗ್ಗದ ಶೆಡ್ಡಿನಲ್ಲಿ ಜಾಬರ್, ಅಂದರೆ ಮಗ್ಗ ರಿಪೇರಿಯವನು, ಸುಮ್ಮನೆ ಕೂಡುವುದಿಲ್ಲ. ಸಾಲಿನುದ್ದಕ್ಕೂ ತಿರುಗುತ್ತ, ಎಲ್ಲಿ ಎಳೆ ಹರಿದಿದೆ ಎಂದು ಒಂದೊಂದೇ ಮಗ್ಗ ನೋಡುತ್ತಿರುತ್ತಾನೆ. ಅದೇ ಚಾಳಿಯಲ್ಲಿ ಇವರು ಅಂಗಡಿಯ ಕಂಪ್ಯೂಟರಿಗೆ, ನನ್ನ ಇಪ್ಪತ್ತೂ ಪುಟಗಳನ್ನು, ಸರಿಯಾಗಿ ತೆರೆಯುತ್ತಿವೆಯೇ ಎಂದು, ದಿನವಿಡೀ ತೆರೆದು ತೆರೆದು ನೋಡುತ್ತಿರಲು ಹೇಳಿಟ್ಟಿದ್ದರು. ಅದು ರೋಬೋಟಿನ ಹೆಸರು ಹೇಳಿಕೊಂಡು ಹೋಗುತ್ತಿರಲಿಲ್ಲ, ಸಾದಾ ಓದುಗನಂತೆ ಹೋಗುತ್ತಿತ್ತು. ನಾವು ಎಣಿಸಿದ ಓದುಗರಲ್ಲಿ ಅರ್ಧಕ್ಕಿಂತ ಹೆಚ್ಚು ಭರಮಣ್ಣನೇ.

"ಹೇಳಬ್ಯಾಡ್ರಿ," ಎಂದೆ. "ಯಾರಿಗೆ ಗೊತ್ತಾಗತೈತಿ?"

"ನನಗ ಗೊತ್ತಾಗೇತಲ್ರೀ."

"ಪುಟ ಮುಚ್ಚತಾರ ಭರಮಣ್ಣ!"

"ಮುಚ್ಚಿದ್ರ ಮುಚ್ಚಲಿ. ಕಣ್ಣಿಗೆ ಕಂಡ ಹುಳಾ ತಗೀಲಿಲ್ಲಂದ್ರ ಅರಿವಿ ಯಾಕ ಕಟ್ಟಬೇಕು?"

ನಾನು ಫೋನು ಕುಕ್ಕಿದೆ. ಆದರೂ ಕೊಲ್ಹಾಪುರಕ್ಕೆ ಹೋದೆ. ಭರಮಣ್ಣ ಕಾರ್ಯದರ್ಶಿಗಳೆದುರು ಕೈಮುಗಿದು ನಿಂತು, ಆ ಅಂಕಿಯಲ್ಲಿ ತಾವೇ ಇದ್ದೇವೆಂದು ಮರಾಠಿಯಲ್ಲಿ ಹೇಳಿ, ಹೊಸ ಹಾಳೆ ಇಟ್ಟರು. ಅಂಕಿ ಸೊರಗಿ ಹೋಗಿತ್ತು. "ಮಗ ರಾಹಿಲಂ ಕಾಯ?" ಹಾಗಾದರೆ ಉಳಿದದ್ದೇನು ಎಂದರು ಕಾರ್ಯದರ್ಶಿ.

ಭರಮಣ್ಣ ವಾದ ಮಾಡಲಿಲ್ಲ. ಒಂದು ದಿನದ ಸಾಲುಗಳನ್ನು ಬೆರಳಿಟ್ಟು ತೋರಿಸಿದರು. ಕಾರ್ಯದರ್ಶಿ ಮಹಾಗಾಂವದ ರೈತರ ಮನೆಯವರು, ಕನ್ನಡ ಬಲ್ಲವರು. ಹಾಗಾಗಿ ಭರಮಣ್ಣ ಕನ್ನಡಕ್ಕೇ ಹೊರಳಿದರು. "ಯಾವ ಊರಾಂವೋ ಗೊತ್ತಿಲ್ರಿ. ಜಡಿಮಳಿ ದಿನ. ಒಂದ ಫೋನು. ಗೊರಸ ಕೊಳಿಯೂ ರೋಗದ ಪುಟ ಒಂದ ಮಧ್ಯಾಹ್ನದಾಗ ಏಳ ಸಲ ತಗದೈತಿ. ಕುರಿ ಕಾಲ ಒಂದ ಕೈಯಾಗ ಹಿಡಕೊಂಡ ಓದ್ಯಾನ್ರಿ ಅಂವಾ."

ಕಾರ್ಯದರ್ಶಿ ಆ ಏಳು ಸಾಲುಗಳ ಮೇಲೆ ತಾವೂ ಬೆರಳಾಡಿಸಿದರು. ಕಡೆಗೆ, "ರಾಹೂ ದ್ಯಾ," ಇರಲಿ ಬಿಡಿ ಎಂದರು. ಹೊರಗೆ ಬಂದಾಗ ಭರಮಣ್ಣ, "ರಾತ್ರಿಯೆಲ್ಲ ಕಣ್ಣ ಮುಚ್ಚಿಲ್ರಿ," ಎಂದರು. ಅಷ್ಟು ಹೆದರಿದ್ದರೆಂದು ನನಗೆ ಆಗಲೇ ತಿಳಿದದ್ದು. ಫೋನು ಕುಕ್ಕಿದ್ದಕ್ಕೆ ನಾಚಿಕೆಯಾಯಿತು, ಹಾಗೆಂದು ಹೇಳಿದೆ.

ಅಂದಿನಿಂದ ಪ್ರತಿ ತಿಂಗಳೂ ಅವರ ಸಂದೇಶ ಬರುತ್ತಿತ್ತು: "ಭರಮಣ್ಣನ್ನ ಕಳದು, ಇಷ್ಟು." ಕಂಪ್ಯೂಟರಿಗೆ ಹೇಳಿದ್ದ ಆ ತಿರುಗಾಟವನ್ನು ಅವರು ನಿಲ್ಲಿಸಲಿಲ್ಲ, ಆದರೆ ಲೆಕ್ಕಕ್ಕೆ ಮಾತ್ರ ಸೇರಿಸುತ್ತಿರಲಿಲ್ಲ.

ಈ ವರ್ಷ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಅಂಗಡಿಯಲ್ಲಿ ಕೂತಲ್ಲೇ ಹೋದರು. ಅಂಗಡಿ ಮುಚ್ಚಿತು, ಕಂಪ್ಯೂಟರ್ ಆರಿತು. ಈಗ ಸಂಸ್ಥೆಯ ಹುಡುಗಿಯೊಬ್ಬಳು ಅವರ ಪದ್ಧತಿಯಲ್ಲೇ ಎಣಿಸಿ ಕಳಿಸುತ್ತಾಳೆ. ಅವರು ಹೋದ ಮರುತಿಂಗಳ ಅಂಕಿ ಬಂದಾಗ ಹಿಂದಿನ ತಿಂಗಳದನ್ನು ಪಕ್ಕಕ್ಕಿಟ್ಟುಕೊಂಡು ನೋಡಿದೆ. ಎರಡೂ ಒಂದೇ. ನನ್ನ ಪುಟಗಳನ್ನು ಎಲ್ಲರಿಗಿಂತ ಹೆಚ್ಚು ಸಲ ತೆರೆದ ಮನುಷ್ಯ ಹೋಗಿದ್ದ, ಲೆಕ್ಕದಲ್ಲಿ ಒಂದೂ ಕಡಿಮೆಯಾಗಿರಲಿಲ್ಲ.