ಕಟ್ ಅನ್ನುವ ತನಕ

ಇವತ್ತು ಬೆಳಿಗ್ಗೆ ಕಾಲುವೆಗೆ ನೀರು ಬಿಟ್ಟರು. ಒಣಗಿದ ಕೆಸರಿಗೆ ಮೊದಲ ನೀರು ತಾಗಿದಾಗ ಏಳುವ ವಾಸನೆ ನಮ್ಮ ಶಹಾಪುರದ ಕಡೆಯವರಿಗೆ ಹಬ್ಬವಿದ್ದಂತೆ. ನನಗೆ ಮಾತ್ರ ನಾಚಿಕೆ. ಯಾಕೆ ಅಂತೀರಾ? ನಾನು ಒಂದು ಕಾಲಕ್ಕೆ ಸಿನಿಮಾ ಹೀರೋ ಆಗಿದ್ದೆ. ಈಗಲೇ ನಗಬೇಡಿ, ಮುಂದೆ ನಗುವುದಕ್ಕೆ ಬೇಕಾದಷ್ಟಿದೆ.

ಆಗ ನಾನು ಹೈಸ್ಕೂಲು ಮಾಸ್ತರ. ಅಣ್ಣನಿಗೂ ನನಗೂ ಮಾತಿರಲಿಲ್ಲ. ತಪ್ಪು ನನ್ನದೇ. ಕಾಲುವೆ ನೀರನ್ನು ಪಾಳಿಯ ಪ್ರಕಾರ ಹೊಲಕ್ಕೆ ಬಿಟ್ಟುಕೊಳ್ಳಬೇಕು. ಅಣ್ಣನ ಪಾಳಿಯ ದಿನ ನಾನು ನೀರು ತಿರುವಿ ನನ್ನ ಭತ್ತಕ್ಕೆ ಹರಿಸಿಕೊಂಡೆ. ಅವನ ಮೆಣಸಿನ ಗಿಡಗಳು ಬಾಡಿಹೋದವು. ಹೋಗಿ ‘ತಪ್ಪಾತು’ ಎನ್ನಲು ಎರಡು ನಿಮಿಷ ಸಾಕಿತ್ತು. ಅಷ್ಟು ಎದೆಗಾರಿಕೆ ಎಲ್ಲಿಂದ ತರಲಿ? ಬದಲಿಗೆ ನಲವತ್ತು ಪುಟದ ಕಥೆ ಬರೆದೆ. ಅಣ್ಣನ ಕ್ಷಮೆ ಕೇಳಲು ಹೋದವನು, ಬಾಗಿಲು ತೆರೆದೊಡನೆ ಬಾಯಿಲ್ಲದವನಾಗಿ ಮರಳಿ ಬರುವ ಕಥೆ. ಮನಸ್ಸಿನ ಆಳ ಎಂದರೆ ಇದೇ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಮದುವೆಗಳ ವಿಡಿಯೋ ತೆಗೆಯುತ್ತಿದ್ದ ಶರಣಪ್ಪ ಅದನ್ನು ಓದಿ ಹಿಗ್ಗಿದ. “ಸರ, ಇದರಾಗ ಹಾಡಿಲ್ಲ, ಹೊಡದಾಟಿಲ್ಲ, ಮಾತಂತೂ ಬಿಲ್ಕುಲ್ ಇಲ್ಲ. ನಮ್ಮ ಕೈಲೆ ಆಗೂವಂಥ ಸಿನಿಮಾ ಇದ ಒಂದ ನೋಡ್ರಿ” ಎಂದ. ಮದುವೆಯ ಕ್ಯಾಮೆರಾ, ಮದುವೆಯ ಲೈಟು. ಹೀರೋ ಆಗಬೇಕಿದ್ದ ಕಕ್ಕೇರಾದ ನಾಟಕದವನು ಮೂರನೇ ದಿನವೇ, ಡೈಲಾಗಿಲ್ಲದ ಪಾರ್ಟು ನನಗೆ ಬೇಡವೆಂದು ಬಸ್ಸು ಹತ್ತಿದ. ಉಳಿದವನು ನಾನೇ. ಶರಣಪ್ಪನದು ಒಂದೇ ಕಾನೂನು: “ನಾ ಕಟ್ ಅನ್ನೂತನಕ ನೀವು ನೀವಲ್ರಿ. ಮನಿಗಿ ಬೆಂಕಿ ಬಿದ್ರೂ ಪಾರ್ಟ್ ಬಿಡಬ್ಯಾಡ್ರಿ.”

ಕೊನೆಯ ದೃಶ್ಯಕ್ಕೆ ಕಾಲುವೆಯ ದಂಡೆಗೆ ಹಳೆಯ ಬಾಗಿಲಿನ ಮನೆಯೊಂದು ಬೇಕಿತ್ತು. ಅವನು ಹುಡುಕಿದ ಮನೆಯ ಮುಂದೆ ಹೋಗಿ ನಿಂತೆವು. ಅದು ಅಣ್ಣನ ಮನೆ.

“ಬಾಗಿಲು ತಗದು ಸುಮ್ಮ ನಿಂದರ್ರಿ ಅಂತ ಅವರಿಗಿ ಹೇಳೀನ್ರಿ. ಬಡಿಯಾವ್ರು ಯಾರಂತ ಹೇಳಿಲ್ಲ. ಅಭಿನಯ ಖರೇ ಬರಬೇಕಲ್ರಿ?” ಎಂದ ಶರಣಪ್ಪ. ನಮ್ಮಿಬ್ಬರ ಜಗಳ ಊರಿಗೇ ಗೊತ್ತಿತ್ತು. ಕಳ್ಳ ಬೇಕೆಂದೇ ಮಾಡಿದ್ದ.

ಬಾಗಿಲು ಬಡಿದೆ. ಅಣ್ಣ ತೆಗೆದ. ನನ್ನನ್ನು ಕಂಡವನೇ ಕ್ಯಾಮೆರಾವನ್ನೂ ಮರೆತ, ಶರಣಪ್ಪನ ಮಾತನ್ನೂ ಮರೆತ. “ಬಂದ್ಯಾ ತಮ್ಮಾ?” ಎಂದು ಗಡಬಡಿಸಿ ಒಳಗೆ ಹೋಗಿ, ಚರಿಗಿ ತುಂಬ ನೀರು ತಂದು ನನ್ನ ಮುಂದೆ ಹಿಡಿದ. “ತಗೋ, ಕುಡಿ.”

ಮನೆಗೆ ಬಂದವರಿಗೆ ಮೊದಲು ಚರಿಗಿ ನೀರು ಕೊಡುವುದು ನಮ್ಮ ಕಡೆಯ ರೀತಿ. ಬೇಡವೆಂದರೆ ಆ ಮನೆಯ ಋಣವೇ ಬೇಡವೆಂದಂತೆ. ನಾನು ಕಿವಿ ನಿಮಿರಿಸಿ ‘ಕಟ್’ಗಾಗಿ ಕಾದೆ. ಶರಣಪ್ಪ ಉಸಿರೂ ಬಿಡಲಿಲ್ಲ. ಹಾಗಾದರೆ ನಾನು ನಾನಲ್ಲ, ಅಲ್ಲವೇ? ಕಥೆಯಲ್ಲಿದ್ದಂತೆ ತಿರುಗಿ ನಡೆದುಬಿಟ್ಟೆ. ಜನ್ಮದಲ್ಲಿ ಒಮ್ಮೆ ಹೇಳಿದ ಮಾತು ಕೇಳಿದೆ, ಅದೂ ಇಂಥ ಹೊತ್ತಿನಲ್ಲಿ. ‘ಅದು ಪಾರ್ಟು, ಅಣ್ಣಾ’ ಎಂದು ನಾಳೆ ಹೋಗಿ ಹೇಳೋಣ ಎಂದುಕೊಂಡೆ. ಆ ನಾಳೆಗೆ ವರ್ಷಗಳೇ ಹಿಡಿದವು.

ಸುರಪುರದ ಕಲ್ಯಾಣ ಮಂಟಪವೊಂದರಲ್ಲಿ ಸಿನಿಮಾ ತೋರಿಸಿದೆವು. ನಾನು ಮಾತಿಲ್ಲದೆ ನಿಂತ ದೃಶ್ಯದಲ್ಲಿ ಯಾರೋ, “ಏ ಶರಣಪ್ಪ, ಕ್ಯಾಸೆಟ್ ಸಿಕ್ಕೊಂಡದ ನೋಡೋ” ಎಂದರು. ನಾನಂತೂ ಇಡೀ ಹೊತ್ತು ನನ್ನ ಮುಖವನ್ನೇ ನೋಡುತ್ತ ಕೂತಿದ್ದೆ.

ನಿನ್ನೆ ಶರಣಪ್ಪ ಆ ಸಿನಿಮಾವನ್ನು ಫೋನಿಗೆ ಕಳಿಸಿದ. ನನ್ನ ಸುಕ್ಕಿಲ್ಲದ ಮುಖ ನೋಡುವ ಆಸೆಯಿಂದಲೇ ತೆರೆದೆ, ಸುಳ್ಳೇಕೆ ಹೇಳಲಿ. ಆದರೆ ನಾನು ಚೌಕಟ್ಟಿನಿಂದ ಆಚೆ ಹೋದ ಮೇಲೂ ಕ್ಯಾಮೆರಾ ನಿಂತಿರಲಿಲ್ಲ. ಅಣ್ಣ ಚರಿಗಿ ಹಿಡಿದುಕೊಂಡೇ ನಾನು ಹೋದ ದಾರಿ ನೋಡುತ್ತ ನಿಂತಿದ್ದ. ಬಹಳ ಹೊತ್ತು ನಿಂತಿದ್ದ. ಸುರಪುರದಲ್ಲಿ ನನ್ನ ಮುಖ ಮರೆಯಾದ ಮೇಲೆ ಪರದೆಯನ್ನೇ ನೋಡಿರಲಿಲ್ಲ; ಅದನ್ನು ಈಗ ಮೊದಲ ಸಲ ನೋಡಿದೆ, ಕಣ್ಣಲ್ಲಿ ನೀರು ಬಂತು.

ಇವತ್ತು ನೀರಿನ ವಾಸನೆ ಬಂದದ್ದೇ ಚಪ್ಪಲಿ ಮೆಟ್ಟಿ ಹೊರಟೆ. ಅದೇ ಬಾಗಿಲು ಬಡಿದೆ. ತಲೆ ಪೂರ್ತಿ ಬೆಳ್ಳಗಾದ ಅಣ್ಣ ತೆಗೆದ. ನನ್ನನ್ನು ನೋಡಿದ, ನನ್ನ ಹಿಂದೆ ಆಚೆ ಈಚೆ ಕಣ್ಣಾಡಿಸಿದ.

“ಈ ಸಲ ಕ್ಯಾಮೆರಾ ಎಲ್ಲಿ ಇಟ್ಟಾನ ಅಂವಾ?”

“ಇಲ್ಲಣ್ಣ. ನಾ ಒಬ್ಬನ ಬಂದೀನಿ. ತಪ್ಪಾತು.”

ಅವನು ಒಳಗೆ ಹೋದ. ಕೊಡದಲ್ಲಿ ಚರಿಗಿ ಮುಳುಗಿದ ಸದ್ದು ಕೇಳಿತು. ನಾನು ಹೊಸ್ತಿಲ ಹೊರಗೇ ನಿಂತಿದ್ದೆ.

“ಒಳಗ ಬಾರೋ” ಎಂದ ಒಳಗಿನಿಂದಲೇ. “ನಿನಗ ನಿಂದ್ರೂದು ಬಿಟ್ರ ಬ್ಯಾರೆ ಪಾರ್ಟ್ ಬರೂದಿಲ್ಲಂತ ಊರಿಗೇ ಗೊತ್ತದ.”